1,68,000 ಓಡಿದ ಕಾರು, ದಿನಾ ತುಮಕೂರು–ಪೀಣ್ಯ: ಆಯಿಲ್ ಚೇಂಜ್ 5,000ಕ್ಕೋ 10,000ಕ್ಕೋ?

ದಿನಾ130
ಎಲ್ಲರಿಗೂ ನಮಸ್ಕಾರ. ತಲೆ ಕೆಟ್ಟು ಕೇಳುತ್ತಿದ್ದೇನೆ, ಬೈಯಬೇಡಿ.

ಗಾಡಿ 2014ರ ಸ್ವಿಫ್ಟ್, ಪೆಟ್ರೋಲ್. ಎರಡು ವರ್ಷದ ಹಿಂದೆ ಸೆಕೆಂಡ್ ಹ್ಯಾಂಡ್ ತೆಗೆದುಕೊಂಡಾಗ 92,000 ಓಡಿತ್ತು. ಈಗ 1,68,200. ಮನೆ ಬಟವಾಡಿ, ಕೆಲಸ ಪೀಣ್ಯ ಎರಡನೇ ಹಂತ. ಹೋಗಿ ಬಂದರೆ 130 ಕಿ.ಮೀ., ತಿಂಗಳಿಗೆ 25 ದಿನ.

ಮೂರು ಜನ ಮೂರು ಮಾತು ಹೇಳುತ್ತಾರೆ. ಸರ್ವಿಸ್ ಸೆಂಟರ್‌ನಲ್ಲಿ "10,000ಕ್ಕೆ ಬನ್ನಿ ಸಾರ್, ಅಲ್ಲಿವರೆಗೆ ಬಾನೆಟ್ ಎತ್ತಬೇಡಿ" ಅಂದರು. ಮನೆ ಹತ್ತಿರದ ಗ್ಯಾರೇಜಿನವನು "ಗಾಡಿಗೆ ವಯಸ್ಸಾಯ್ತು, 5,000 ದಾಟಿಸಬೇಡಿ" ಅನ್ನುತ್ತಾನೆ. ನಮ್ಮ ಮಾವ ಅಂಬಾಸಿಡರ್ ಕಾಲದವರು, "3,000ಕ್ಕೆ ಬದಲಾಯಿಸಪ್ಪ" ಅಂತ ಹಟ. ಮಾವನ ಮಾತು ಕೇಳಿದರೆ ಸಂಬಳ ಬಂದ ದಿನವೇ ಪ್ರತಿ ತಿಂಗಳು ಗ್ಯಾರೇಜು.

ಹೋದ ಸಲ ಬದಲಾಯಿಸಿದ್ದು 1,62,400ರಲ್ಲಿ. ಸೆಮಿ ಸಿಂಥೆಟಿಕ್ 5ಡಬ್ಲ್ಯೂ-30. ಆಯಿಲ್, ಫಿಲ್ಟರ್, ಕೂಲಿ ಸೇರಿ 2,200 ರೂಪಾಯಿ. 5,000ಕ್ಕೆ ಅಂದರೆ ವರ್ಷಕ್ಕೆ ಎಂಟು ಸಲ. 10,000ಕ್ಕೆ ಅಂದರೆ ನಾಲ್ಕು ಸಲ. ವ್ಯತ್ಯಾಸವೇ 8,800. ದಿನಾ ಓಡಿಸುವವರು ಹೇಳಿ, ನೀವೇನು ಮಾಡುತ್ತೀರಿ?

ಕಾಯಿಮಂಡಿ
"ಎಣ್ಣೆ ಎಷ್ಟು ದಿನಕ್ಕೊಮ್ಮೆ" ಅಂತ ಓದಿಕೊಂಡು ಓಡಿ ಬಂದೆ. ಇದು ಬೇರೆ ಎಣ್ಣೆ. ನಮಸ್ಕಾರ, ಹೊರಟೆ.

ಹೆದ್ದಾರಿ ಹನುಮ
10,000. ಕಣ್ಣು ಮುಚ್ಚಿಕೊಂಡು. ನಾನು ಎಂಟು ವರ್ಷ ಶಿರಾದಿಂದ ಬೆಂಗಳೂರಿಗೆ ಓಡಿಸಿದ್ದೇನೆ. ಹೈವೇ ಕಿಲೋಮೀಟರ್ ಅಂದರೆ ಎಂಜಿನ್‌ಗೆ ಬೆಳಗಿನ ವಾಕಿಂಗ್ ಇದ್ದ ಹಾಗೆ. ಒಂದೇ ಸಲ ಬಿಸಿ ಆಗುತ್ತದೆ, ಒಂದೇ ಸಮ ಓಡುತ್ತದೆ. ಸುಮ್ನೆ ಗ್ಯಾರೇಜಿನವರಿಗೆ ದುಡ್ಡು ಯಾಕೆ?

ಶಿರಾಗೇಟ್ ಸೀನ
ಹನುಮಣ್ಣ, ಯಾವ ಹೈವೇ? ಬೆಳಿಗ್ಗೆ ಎಂಟು ಗಂಟೆಗೆ ಎಂಟನೇ ಮೈಲಿ ಹತ್ತಿರ ಬಂದು ನೋಡಿ. ಮೊದಲನೇ ಗೇರು, ನ್ಯೂಟ್ರಲ್, ಮೊದಲನೇ ಗೇರು, ನ್ಯೂಟ್ರಲ್. ವಾಕಿಂಗ್ ಅಂತೆ!

ನನ್ನ ಮಾತು ಕೇಳಿದರೆ 5,000. ಅದೂ ಅಲ್ಲದೆ ಲಕ್ಷ ದಾಟಿದ ಗಾಡಿಗೆ ಈ ನೀರಿನಂಥ ಆಯಿಲ್ ಯಾಕೆ ಹಾಕುತ್ತೀರೋ ಗೊತ್ತಿಲ್ಲ. 20ಡಬ್ಲ್ಯೂ-50 ಹಾಕಿ. ಗಟ್ಟಿ ಇದ್ದರೆ ಎಂಜಿನ್ ಸದ್ದೇ ಬರಲ್ಲ.

ಲೆಕ್ಕದ ಮೇಷ್ಟ್ರು
ಕಿಲೋಮೀಟರ್ ಬಿಟ್ಟು ಗಂಟೆ ಲೆಕ್ಕ ಹಾಕಿ ನೋಡಿ. ಆಯಿಲ್‌ಗೆ ಗಾಡಿ ಎಲ್ಲಿಗೆ ಹೋಯ್ತು ಅಂತ ಗೊತ್ತಾಗಲ್ಲ, ಎಂಜಿನ್ ಎಷ್ಟು ಹೊತ್ತು ತಿರುಗಿತು ಅನ್ನೋದು ಮಾತ್ರ ಲೆಕ್ಕ.

ಇವರದು ಒಂದು ಕಡೆಗೆ 65 ಕಿ.ಮೀ., ಟ್ರಾಫಿಕ್ ಸೇರಿ ಒಂದೂವರೆ ಗಂಟೆ ಚಿಲ್ಲರೆ. ಸರಾಸರಿ 40 ಅಂತ ಇಟ್ಟುಕೊಳ್ಳಿ. 10,000 ಕಿ.ಮೀ.ಗೆ 250 ಗಂಟೆ. ಅದೇ ಊರೊಳಗೆ ನಾಲ್ಕು ಕಿ.ಮೀ. ಹೋಗಲು ಕಾಲು ಗಂಟೆ ತೆಗೆದುಕೊಳ್ಳುವ ಗಾಡಿಗೆ ಸರಾಸರಿ 16. ಅದಕ್ಕೆ ಬರೀ 5,000 ಕಿ.ಮೀ. ಆಗುವಷ್ಟರಲ್ಲಿ 312 ಗಂಟೆ ಆಗಿರುತ್ತದೆ. ಯಾರ ಆಯಿಲ್ ಜಾಸ್ತಿ ದುಡಿಯಿತು ಹೇಳಿ?

ಸ್ಕೂಟಿ ಬಿಟ್ಟವಳು
ಅಯ್ಯೋ ಮೇಷ್ಟ್ರೇ, ಆ ನಾಲ್ಕು ಕಿಲೋಮೀಟರ್ ಗಾಡಿ ನಂದೇ. ಅಶೋಕನಗರದಿಂದ ಮಗಳ ಸ್ಕೂಲು, ಅಲ್ಲಿಂದ ಎಸ್.ಎಸ್. ಪುರಂ, ವಾಪಸ್ ಮನೆ. ವರ್ಷಕ್ಕೆ 4,000 ಕೂಡ ಆಗಲ್ಲ. ಹಾಗಾಗಿ ಎರಡು ವರ್ಷದಿಂದ ಆಯಿಲ್ ಬದಲಾಯಿಸೇ ಇಲ್ಲ. 10,000 ಆಗಬೇಕಲ್ವಾ?

ಗುಬ್ಬಿಗೇಟ್ ಸ್ಪ್ಯಾನರ್
ಮೇಡಂ, ನಾಳೆಯೇ ಬದಲಾಯಿಸಿ. ಗಾಡಿ ಜೊತೆ ಬರುವ ಪುಸ್ತಕದಲ್ಲಿ ಬರೆದಿರೋದು "10,000 ಕಿ.ಮೀ. ಅಥವಾ ಒಂದು ವರ್ಷ, ಯಾವುದು ಮೊದಲೋ ಅದು". ಆ "ಅಥವಾ" ಮುಂದಿನದನ್ನು ಯಾರೂ ಓದಲ್ಲ.

ನಿಮ್ಮ ಗಾಡಿಯ ಕಷ್ಟ ಏನಂದರೆ ಎಂಜಿನ್ ಪೂರ್ತಿ ಬಿಸಿ ಆಗೋದೇ ಇಲ್ಲ. ತಣ್ಣಗಿದ್ದಾಗ ಸುಡದೆ ಉಳಿದ ಪೆಟ್ರೋಲ್ ಸ್ವಲ್ಪ ಸ್ವಲ್ಪ ಪಿಸ್ಟನ್ ಪಕ್ಕದಿಂದ ಇಳಿದು ಆಯಿಲ್‌ಗೆ ಸೇರುತ್ತದೆ. ಉರಿದಾಗ ಹುಟ್ಟುವ ನೀರಿನ ಆವಿಯೂ ಸೇರುತ್ತದೆ. ದೂರ ಓಡಿಸಿದರೆ ಎರಡೂ ಆವಿಯಾಗಿ ಹೋಗುತ್ತವೆ. ನಿಮ್ಮದರಲ್ಲಿ ಒಳಗೇ ಉಳಿಯುತ್ತವೆ. ಆಯಿಲ್ ಹಾಕುವ ಮುಚ್ಚಳ ತಿರುಗಿಸಿ ಅಡಿಭಾಗ ನೋಡಿ. ಮಜ್ಜಿಗೆ ಬಣ್ಣದ ಕೆನೆ ಕಟ್ಟಿದ್ದರೆ ಅದೇ ಇದು. ಕೆನೆಯ ಜೊತೆ ಎಂಜಿನ್ ತಂಪಾಗಿಸುವ ಕೂಲೆಂಟ್ ಕೂಡ ಕಡಿಮೆ ಆಗುತ್ತಿದ್ದರೆ ಮಾತ್ರ, ಅದು ಆಯಿಲ್‌ಗೆ ಬೆರೆಯದಂತೆ ತಡೆಯುವ ಹೆಡ್ ಪ್ಯಾಕಿಂಗ್ ಮೇಲೆ ಅನುಮಾನ ಪಡಬೇಕು.

ಈಗ ದಿನಾ130 ಸಾರ್, ನಿಮಗೆ ಒಂದೇ ಪ್ರಶ್ನೆ. ಕಡ್ಡಿ ಎಳೆದು ನೋಡಿದ್ದು ಯಾವಾಗ?

ದಿನಾ130
ಯಾವ ಕಡ್ಡಿ?

ಗುಬ್ಬಿಗೇಟ್ ಸ್ಪ್ಯಾನರ್
ಅದನ್ನೇ ಅಂದುಕೊಂಡೆ.

ಡಿಪ್‌ಸ್ಟಿಕ್ ಸಾರ್. ಎಂಜಿನ್ ಪಕ್ಕ ಬೆರಳು ಹಾಕಿ ಎಳೆಯೋ ಬಳೆ ಇರುತ್ತದೆ. ಗಾಡಿ ಸಮತಟ್ಟು ಜಾಗದಲ್ಲಿ ನಿಲ್ಲಿಸಿ. ಎಂಜಿನ್ ಆಫ್ ಮಾಡಿ ಐದು ಹತ್ತು ನಿಮಿಷ ಬಿಡಿ, ಮೇಲಿನ ಆಯಿಲ್ ಕೆಳಗೆ ಇಳಿಯಬೇಕು. ಎಳೆಯಿರಿ, ಬಟ್ಟೆಯಲ್ಲಿ ಒರೆಸಿ, ಪೂರ್ತಿ ಒಳಗೆ ಹಾಕಿ, ಮತ್ತೆ ಎಳೆಯಿರಿ. ಮೊದಲನೇ ಸಲ ಕಂಡದ್ದು ಲೆಕ್ಕಕ್ಕಿಲ್ಲ. ಎರಡು ಗುರುತಿನ ನಡುವೆ ಎಲ್ಲಿವರೆಗೆ ಒದ್ದೆ ಆಗಿದೆ ಹೇಳಿ. ಆಮೇಲೆ 5,000, 10,000 ಮಾತಾಡೋಣ.

ಡೀಸೆಲ್ ದಾಸ
ಅಷ್ಟರೊಳಗೆ ನನ್ನದೂ ಒಂದು. ನನ್ನ ಡೀಸೆಲ್ ಡಿಜೈರ್‌ಗೆ ಆಯಿಲ್ ಹಾಕಿಸಿ ಎರಡೇ ದಿನಕ್ಕೆ ಕಾಡಿಗೆ ಥರ ಕಪ್ಪಾಯ್ತು. ಮೋಸ ಆಯ್ತು ಅಂತ ಜಗಳಕ್ಕೆ ಹೋಗಿದ್ದೆ.

ಗುಬ್ಬಿಗೇಟ್ ಸ್ಪ್ಯಾನರ್
ಡೀಸೆಲ್‌ನಲ್ಲಿ ಅದು ಸಹಜ ಅಣ್ಣ. ಮಸಿಯನ್ನು ತನ್ನೊಳಗೆ ಹಿಡಿದಿಟ್ಟುಕೊಳ್ಳೋದು ಆಯಿಲ್ ಕೆಲಸ. ಕಪ್ಪಾಗದಿದ್ದರೆ ಆ ಮಸಿ ಎಂಜಿನ್ ಒಳಗೆ ಅಂಟಿಕೊಂಡಿದೆ ಅಂತ ಅರ್ಥ. ಬಣ್ಣ ನೋಡಿ ಆಯಿಲ್ ಬದಲಾಯಿಸಬಾರದು. ಜಗಳ ಆಡಿದವನಿಗೆ ಒಂದು ಟೀ ಕುಡಿಸಿ ರಾಜಿ ಮಾಡಿಕೊಳ್ಳಿ.

ಶಿರಾಗೇಟ್ ಸೀನ
ನನ್ನ 20ಡಬ್ಲ್ಯೂ-50ಕ್ಕೆ ಯಾರೂ ಉತ್ತರ ಕೊಡಲಿಲ್ಲ. ಅಂದರೆ ಒಪ್ಪಿದಿರಿ ಅಂತ ಅರ್ಥ.

ಲೆಕ್ಕದ ಮೇಷ್ಟ್ರು
ಒಪ್ಪಿಲ್ಲ ಸ್ವಾಮಿ. ಡಬ್ಲ್ಯೂ ಅಂದರೆ ವಿಂಟರ್. ಡಬ್ಲ್ಯೂಗಿಂತ ಮೊದಲು ಬರುವ ಸಂಖ್ಯೆ ಆಯಿಲ್ ತಣ್ಣಗಿದ್ದಾಗ ಎಷ್ಟು ಸಲೀಸಾಗಿ ಹರಿಯುತ್ತದೆ ಅನ್ನೋದಕ್ಕೆ. ಡಬ್ಲ್ಯೂ ಆದ ಮೇಲೆ ಬರುವುದು 100 ಡಿಗ್ರಿ ಬಿಸಿಯಲ್ಲಿ ಎಷ್ಟು ಮಂದ ಅನ್ನೋದಕ್ಕೆ. ತುಮಕೂರಿನಲ್ಲಿ ಹಿಮ ಬೀಳಲ್ಲ ಸರಿ. ಆದರೂ ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಮೇಲಿನ ಕ್ಯಾಮ್‌ಶಾಫ್ಟ್‌ವರೆಗೆ ಆಯಿಲ್ ಏರಬೇಕಲ್ವಾ? ತೆಳ್ಳಗಿದ್ದರೆ ಬೇಗ ಏರುತ್ತದೆ. ಸ್ವಿಫ್ಟ್ ಎಂಜಿನ್ನಿನಲ್ಲಿ ಆಯಿಲ್ ಓಡಾಡುವ ದಾರಿ ಸಣ್ಣ. ಅದು 5ಡಬ್ಲ್ಯೂ-30ಕ್ಕೆ ಅಂತ ಮಾಡಿದ್ದು.

ಶಿರಾಗೇಟ್ ಸೀನ
ನಮ್ಮಪ್ಪನ ಜೀಪು 20ಡಬ್ಲ್ಯೂ-50 ಕುಡಿದೇ ಮೂರು ಲಕ್ಷ ಓಡಿತು.

ಲೆಕ್ಕದ ಮೇಷ್ಟ್ರು
ನಿಮ್ಮಪ್ಪನ ಜೀಪು ಸೀಮೆಎಣ್ಣೆ ಹಾಕಿದ್ದರೂ ಓಡುತ್ತಿತ್ತು. ಇದು ಜೀಪಲ್ಲ.

ಗುಬ್ಬಿಗೇಟ್ ಸ್ಪ್ಯಾನರ್
ಇಬ್ಬರೂ ಸಮಾಧಾನ ಮಾಡಿಕೊಳ್ಳಿ. ಪುಸ್ತಕದಲ್ಲಿ ಯಾವ ಯಾವ ಗ್ರೇಡ್ ಹಾಕಬಹುದು ಅಂತ ಪಟ್ಟಿ ಇರುತ್ತದೆ. ಹಳೇ ಗಾಡಿ ಆಯಿಲ್ ಕುಡಿಯಲು, ಅಂದರೆ ಒಳಗೇ ಸುಡಲು, ಶುರು ಮಾಡಿದರೆ ಆ ಪಟ್ಟಿಯೊಳಗೇ ಒಂದು ಮೆಟ್ಟಿಲು ಗಟ್ಟಿ ಹೋಗಬಹುದು. 50ಕ್ಕೆ ಹಾರೋದು ಬೇಡ. ಸದ್ದು ಕಡಿಮೆ ಆಗುತ್ತದೆ ಅನ್ನೋದು ನಿಜ ಸೀನಣ್ಣ. ಆದರೆ ಪಿಕಪ್ ಮಂದ, ಮೈಲೇಜೂ ಸ್ವಲ್ಪ ಹೋಗುತ್ತದೆ.

ರೈಲು ಪಾಸ್
ಇಷ್ಟೆಲ್ಲ ರಾಮಾಯಣ ಯಾಕೆ? ಬೆಳಿಗ್ಗೆ ರೈಲು ಹತ್ತಿ. ಆಯಿಲ್ ಚಿಂತೆ ರೈಲ್ವೆಯವರದು.

ದಿನಾ130
ಯಶವಂತಪುರದಲ್ಲಿ ಇಳಿದು ಪೀಣ್ಯ ಎರಡನೇ ಹಂತಕ್ಕೆ ವಾಪಸ್ ಬರಬೇಕು ಗುರು. ಸೆಕೆಂಡ್ ಶಿಫ್ಟ್ ಮುಗಿಯೋದು ರಾತ್ರಿ ಹತ್ತೂವರೆಗೆ. ಮಾಡಿ ನೋಡಿಯೇ ಕಾರು ತೆಗೆದುಕೊಂಡಿದ್ದು.

ಹೆದ್ದಾರಿ ಹನುಮ
ಆಯಿಲ್‌ಗಿಂತ ಟೋಲ್ ದೊಡ್ಡ ಖರ್ಚು. 2025ರ ಆಗಸ್ಟ್ 15ರಿಂದ ಫಾಸ್ಟ್ಯಾಗ್ ವಾರ್ಷಿಕ ಪಾಸ್ ಬಂದಿದೆಯಲ್ಲ, ಶುರುವಾದಾಗ 3,000ಕ್ಕೆ 200 ಸಲ ಇತ್ತು. ಮಾಡಿಸಿದ್ದೀರಾ?

ದಿನಾ130
ಮಾಡಿಸಿದೆ. ಹೆಸರಿಗೆ ವಾರ್ಷಿಕ. ದಿನಾ ಒಂದೇ ಟೋಲ್ ಎರಡು ಸಲ ದಾಟಿದರೂ 100 ದಿನಕ್ಕೆ 200 ಖಾಲಿ. ಆದರೂ ಬಿಡಿಬಿಡಿಯಾಗಿ ಕೊಡೋದಕ್ಕಿಂತ ವಾಸಿ.

ಕ್ಯಾತ್ಸಂದ್ರದವನು
ಟೋಲ್ ಕಟ್ಟುವ ಮೊದಲು ನಮ್ಮೂರಲ್ಲಿ ಎರಡು ತಟ್ಟೆ ಇಡ್ಲಿ ತಿನ್ನಿ. ಎಂಜಿನ್ ಬಿಸಿ ಇರುವಾಗಲೇ ನಿಲ್ಲಿಸಿ, ಇಡ್ಲಿ ತಿಂದು ಬಂದು ಕಡ್ಡಿ ನೋಡಿ. ಹತ್ತು ನಿಮಿಷ ಸರಿಯಾಗಿ ಆಗಿರುತ್ತದೆ.

ಕಾಯಿಮಂಡಿ
ತಟ್ಟೆ ಇಡ್ಲಿ ಅಂದರೆ ಬಿಡದಿ.

ಕ್ಯಾತ್ಸಂದ್ರದವನು
ಈಗ ಮತ್ತೆ ಹೊರಡಿ ನೀವು.

ದಿನಾ130
ಎಲ್ಲರೂ ನಿಲ್ಲಿ. ಕಡ್ಡಿ ನೋಡಿದೆ.

ರಾತ್ರಿ ಹನ್ನೊಂದೂವರೆ. ಮೊಬೈಲ್ ಟಾರ್ಚ್ ಬಾಯಲ್ಲಿ ಕಚ್ಚಿಕೊಂಡು, ಮನೆಯವಳ ಹಳೇ ನೈಟಿಯ ತುಂಡು ಹಿಡಿದುಕೊಂಡು ಬಾನೆಟ್ ಎತ್ತಿದೆ. ಆ ಬಳೆ ಹುಡುಕೋಕೇ ಐದು ನಿಮಿಷ. ಎಳೆದೆ, ಒರೆಸಿದೆ, ಹಾಕಿದೆ, ಮತ್ತೆ ಎಳೆದೆ. ಕಡ್ಡಿಯಲ್ಲಿ ಎರಡು ತೂತು ಇವೆ. ಮೇಲಿನದು ಒಣಗಿದೆ. ನಡುವೆಯೂ ಒಣಗಿದೆ. ಕೆಳಗಿನ ತೂತಿನ ಹತ್ತಿರ ಒಂದು ಹನಿ ನೇತಾಡುತ್ತಿತ್ತು, ಅಷ್ಟೇ. ತಪ್ಪಿರಬೇಕು ಅಂತ ಮೂರು ಸಲ ನೋಡಿದೆ. ಮೂರು ಸಲವೂ ಅಷ್ಟೇ.

ನೆಲದಲ್ಲಿ ಒಂದು ತೊಟ್ಟೂ ಬಿದ್ದಿಲ್ಲ. ಮೀಟರ್‌ನಲ್ಲಿ ಆಯಿಲ್ ಲೈಟೂ ಬಂದಿಲ್ಲ. ಎಲ್ಲಿ ಹೋಯ್ತು?

ಗುಬ್ಬಿಗೇಟ್ ಸ್ಪ್ಯಾನರ್
ಗಾಡಿ ಕುಡಿದಿದೆ ಸಾರ್. ಬೆಳಿಗ್ಗೆ ಆಯಿಲ್ ಹಾಕದೆ ಪೀಣ್ಯಕ್ಕೆ ಹೊರಡಬೇಡಿ.

ಲೆಕ್ಕ ನೋಡಿ. ಎರಡು ತೂತಿನ ನಡುವೆ ಸುಮಾರು ಒಂದು ಲೀಟರ್ ಹಿಡಿಯುತ್ತದೆ. ಹೋದ ಸಲ ಮೇಲಿನ ತೂತಿನವರೆಗೆ ತುಂಬಿಸಿದ್ದರೆ, 5,800 ಕಿ.ಮೀ.ಗೆ ಒಂದು ಲೀಟರ್ ಹೋಗಿದೆ. 1,68,000 ಓಡಿದ ಗಾಡಿಗೆ ಇದು ಗಾಬರಿ ಪಡುವಷ್ಟಲ್ಲ. ಗಾಬರಿ ಬೇರೆ ಕಡೆ ಇದೆ. ನಿಮ್ಮ ಎಂಜಿನ್‌ನಲ್ಲಿ ಇರೋದೇ ಮೂರು ಲೀಟರ್ ಚಿಲ್ಲರೆ. ಕಡ್ಡಿ ನೋಡದೆ 10,000ದವರೆಗೆ ಎಳೆದಿದ್ದರೆ ಒಂದು ಮುಕ್ಕಾಲು ಲೀಟರ್ ಹತ್ತಿರ ಹೋಗಿರುತ್ತಿತ್ತು. ಉಳಿದ ಅರ್ಧದಲ್ಲಿ ಎಂಜಿನ್ ಪೂರ್ತಿ ಓಡಬೇಕು. ಟೈಮಿಂಗ್ ಚೈನ್ ಕೂಡ ಅದೇ ಆಯಿಲ್ ನಂಬಿಕೊಂಡಿದೆ.

ಆ ಕೆಂಪು ಲೈಟ್ ಆಯಿಲ್ ಎಷ್ಟಿದೆ ಅಂತ ಹೇಳಲ್ಲ. ಪ್ರೆಶರ್ ಬಿದ್ದಾಗ ಮಾತ್ರ ಉರಿಯುತ್ತದೆ. ಅದು ಉರಿದ ಮೇಲೂ ಓಡಿಸಿದರೆ 2,200 ಅಲ್ಲ, ಎಂಜಿನ್ ಬಿಚ್ಚಿದ ಲೆಕ್ಕ.

ಹೆದ್ದಾರಿ ಹನುಮ
ನಾನು 10,000 ಅಂದಿದ್ದೆ. ತೆಪ್ಪಗಾಗುತ್ತೇನೆ. ಎಂಟು ವರ್ಷದಲ್ಲಿ ನಾನೂ ಕಡ್ಡಿ ಎಳೆದದ್ದು ಎರಡೋ ಮೂರೋ ಸಲ. ಈಗ ಹೊಟ್ಟೆಯಲ್ಲಿ ಒಂಥರಾ ಆಗುತ್ತಿದೆ.

ಮಧುಗಿರಿ ಬೆಟ್ಟ
ಟಾಪ್ ಅಪ್ ಮಾಡುವಾಗ ಒಂದು ಎಚ್ಚರಿಕೆ. ಕಡಿಮೆ ರೇಟು ಅಂತ ಎಲ್ಲೆಂದರಲ್ಲಿ ಡಬ್ಬ ತೆಗೆದುಕೊಳ್ಳಬೇಡಿ. ನಾನೊಂದು ಕಡೆ 200 ರೂಪಾಯಿ ಕಡಿಮೆ ಅಂತ ತಂದೆ. ಮುಚ್ಚಳದ ಬಳೆ ಮೊದಲೇ ಕಿತ್ತು ಅಂಟಿಸಿದ ಹಾಗಿತ್ತು. ಬ್ಯಾಚ್ ನಂಬರ್ ಬೆರಳಲ್ಲಿ ತಿಕ್ಕಿದರೆ ಅಳಿಸಿಹೋಯ್ತು. ಅಸಲಿ ಡಬ್ಬಕ್ಕೆ ನಕಲಿ ಮಾಲು. ಅವತ್ತಿನಿಂದ ಪೆಟ್ರೋಲ್ ಬಂಕಿನಲ್ಲಿ ಬಿಲ್ ಸಮೇತ ತೆಗೆದುಕೊಳ್ಳುತ್ತೇನೆ. ಖಾಲಿ ಡಬ್ಬ ಕೊಡುವಾಗ ಮೊಳೆಯಲ್ಲಿ ತೂತು ಮಾಡಿಯೇ ಕೊಡೋದು. ಇಲ್ಲದಿದ್ದರೆ ಅದೇ ಡಬ್ಬ ಮತ್ತೆ ತುಂಬಿಕೊಂಡು ಬರುತ್ತದೆ.

ಡೀಸೆಲ್ ದಾಸ
ಹಳೇ ಆಯಿಲ್ ಮಾತ್ರ ಬಿಡಬೇಡಿ, ಮನೆಗೆ ತನ್ನಿ. ದನದ ಕೊಟ್ಟಿಗೆ ಕಂಬಕ್ಕೆ ಬಳಿದರೆ ಗೆದ್ದಲು ಹತ್ತಲ್ಲ. ಸೆಂಟ್ರಿಂಗ್ ಹಲಗೆಗೂ ಆಗುತ್ತದೆ.

ಸ್ಕೂಟಿ ಬಿಟ್ಟವಳು
ಮಳೆ ಬಂದರೆ ಅದೆಲ್ಲ ಇಳಿದು ಮಣ್ಣಿಗೆ, ಮಣ್ಣಿಂದ ಬೋರ್‌ವೆಲ್‌ಗೆ. ನಮ್ಮ ಜಿಲ್ಲೆಯಲ್ಲಿ ನೀರು ಸಿಗೋದೇ ಕಷ್ಟ, ಅದಕ್ಕೂ ಆಯಿಲ್ ಬೇಕಾ? ಗ್ಯಾರೇಜಿನಲ್ಲೇ ಬಿಡಿ, ಅವರ ಹತ್ತಿರ ಡ್ರಮ್‌ಗಟ್ಟಲೆ ಕೊಳ್ಳುವವರು ಬರುತ್ತಾರೆ.

ಡೀಸೆಲ್ ದಾಸ
ನಮ್ಮಜ್ಜಿ ಕಾಲದಿಂದ ಬಳಿಯುತ್ತಿದ್ದೇವೆ.

ಸ್ಕೂಟಿ ಬಿಟ್ಟವಳು
ನಿಮ್ಮಜ್ಜಿ ಕಾಲದಲ್ಲಿ ಬಾವಿಯಲ್ಲಿ ನೀರಿತ್ತು.

ಗುಬ್ಬಿಗೇಟ್ ಸ್ಪ್ಯಾನರ್
ದಿನಾ130 ಸಾರ್, ಮುಂದೇನು ಅಂತ ಹೇಳುತ್ತೇನೆ. ಒಂದೇ ಸಲ ಪಿಸ್ಟನ್ ರಿಂಗ್ ಹೋಗಿದೆ, ಎಂಜಿನ್ ಬೋರ್ ಮಾಡಿಸಿ ಅಂತ ಯಾರಾದರೂ ಹೆದರಿಸಿದರೆ ನಂಬಬೇಡಿ. ಮೊದಲು ಕಡಿಮೆ ಖರ್ಚಿನದು. ಎಂಜಿನ್ ಒಳಗೆ ತುಂಬುವ ಗ್ಯಾಸ್ ಎಳೆದುಕೊಳ್ಳುವ ಪಿಸಿವಿ ವಾಲ್ವ್ ಕಟ್ಟಿಕೊಂಡಿದೆಯಾ ನೋಡಿಸಿ. ಟ್ಯಾಪೆಟ್ ಕವರ್ ಪ್ಯಾಕಿಂಗ್ ಸುತ್ತ ಒದ್ದೆ ಇದೆಯಾ, ಪ್ಲಗ್ ಗುಂಡಿಯಲ್ಲಿ ಆಯಿಲ್ ನಿಂತಿದೆಯಾ ನೋಡಿಸಿ.

ಆಮೇಲೆ ಹೊಗೆ. ಬೆಳಿಗ್ಗೆ ಮೊದಲ ಸ್ಟಾರ್ಟ್‌ಗೆ ನೀಲಿ ಹೊಗೆ ಒಂದು ಸಲ ಬುಸ್ ಅಂತ ಬಂದು ನಿಂತರೆ ವಾಲ್ವ್ ಪಕ್ಕದಿಂದ ಆಯಿಲ್ ಇಳಿಯದಂತೆ ತಡೆಯುವ ವಾಲ್ವ್ ಸೀಲ್ ಕಡೆ ಅನುಮಾನ. ಏರು ಹತ್ತುವಾಗ, ಆಕ್ಸಿಲೇಟರ್ ಒತ್ತಿದಷ್ಟೂ ಬರುತ್ತಿದ್ದರೆ ರಿಂಗ್ ಕಡೆ. ಭಾನುವಾರ ದೇವರಾಯನದುರ್ಗಕ್ಕೆ ಹೋಗಿ. ಇಳಿಯುವಾಗ ಎರಡನೇ ಗೇರಿನಲ್ಲಿ ಕಾಲು ತೆಗೆದು ಇಳಿಯಿರಿ, ಕೆಳಗೆ ಬಂದು ಒಮ್ಮೆ ಒತ್ತಿ. ಹಿಂದೆ ಬೈಕಿನಲ್ಲಿ ಬರುವವರಿಗೆ ನೋಡಲು ಹೇಳಿ. ಆಗ ನೀಲಿ ಕಂಡರೂ ವಾಲ್ವ್ ಸೀಲೇ.

ಶಿರಾಗೇಟ್ ಸೀನ
ಈಗಾದರೂ 20ಡಬ್ಲ್ಯೂ-50 ಅನ್ನಿ.

ಲೆಕ್ಕದ ಮೇಷ್ಟ್ರು
ಸೀನ!

ದಿನಾ130
ಮೂರು ವಾರ ಆಯ್ತು, ವರದಿ ಒಪ್ಪಿಸುತ್ತೇನೆ.

ಮಾರನೇ ದಿನವೇ ಅದೇ ಗ್ರೇಡ್ ಒಂದು ಲೀಟರ್ ತಂದೆ. ಸ್ವಲ್ಪ ಸ್ವಲ್ಪವೇ ಹಾಕಿ, ಕಡ್ಡಿ ನೋಡಿ, ಮತ್ತೆ ಹಾಕಿ, ಮೇಲಿನ ತೂತಿಗೆ ತಂದೆ. 900 ಮಿ.ಲೀ. ಹಿಡಿಯಿತು. ಡಿಕ್ಕಿಯಲ್ಲಿ ಒಂದು ನೋಟ್‌ಬುಕ್, ನೈಟಿ ತುಂಡು, ಇನ್ನೊಂದು ಲೀಟರ್ ಡಬ್ಬ ಖಾಯಂ. ಪ್ರತಿ ಭಾನುವಾರ ಬೆಳಿಗ್ಗೆ ಗಾಡಿ ತಣ್ಣಗಿರುವಾಗ ಕಡ್ಡಿ.

ಪಿಸಿವಿ ವಾಲ್ವ್ ಕಟ್ಟಿಕೊಂಡಿತ್ತು, ಬದಲಾಯಿಸಿದೆ. ದುರ್ಗದ ಇಳಿಜಾರಿಗೆ ಭಾಮೈದನನ್ನು ಬೈಕಿನಲ್ಲಿ ಕರೆದುಕೊಂಡು ಹೋದೆ. "ಭಾವ, ಸ್ವಲ್ಪ ನೀಲಿ ಬಂತು, ಆದರೆ ಮುಂದೆ ಹೋಗುತ್ತಿದ್ದ ಟೆಂಪೋದ್ದೂ ಇರಬಹುದು" ಅಂದ. ಇವನ ಸಾಕ್ಷಿ ಯಾವ ಕೋರ್ಟಿನಲ್ಲೂ ನಿಲ್ಲಲ್ಲ. ಬೆಳಗಿನ ಹೊಗೆ ಮಾತ್ರ ನಾನೇ ಎರಡು ಸಲ ನೋಡಿದೆ. ವಾಲ್ವ್ ಸೀಲ್ ಕೆಲಸ ದಸರಾ ರಜೆಯಲ್ಲಿ ಮಾಡಿಸುತ್ತೇನೆ.

ಆಯಿಲ್ ಚೇಂಜ್‌ಗೆ 7,500 ಅಂತ ಮಾಡಿಕೊಂಡೆ, ಫಿಲ್ಟರ್ ಪ್ರತಿ ಸಲ. ಪುಸ್ತಕದ ಕೊನೆಯಲ್ಲಿ ಧೂಳು, ನಿಂತು ನಿಂತು ಹೋಗುವ ಟ್ರಾಫಿಕ್ಕಿಗೆ ಬೇರೆಯೇ ಪಟ್ಟಿ ಇದೆ, ಅದರಲ್ಲಿ ಗಡುವು ಕಡಿಮೆ. ನೆಲಮಂಗಲದ ಕಡೆ ರಸ್ತೆ ಕೆಲಸದ ಧೂಳು ನಿಮಗೇ ಗೊತ್ತು. ಏರ್ ಫಿಲ್ಟರ್ ತಟ್ಟಿದರೆ ಅರ್ಧ ಲೋಟ ಮಣ್ಣು ಬಿತ್ತು. ಅದಕ್ಕೇ ಪೂರ್ತಿ 10,000ಕ್ಕೆ ಧೈರ್ಯ ಬರಲಿಲ್ಲ. 5,000ಕ್ಕೆ ದುಡ್ಡು ಬರಲಿಲ್ಲ. ಮಾವನಿಗೆ 3,000 ಅಂತಲೇ ಹೇಳಿದ್ದೇನೆ.

ಹೆದ್ದಾರಿ ಹನುಮ
ಮಾವ ಓದುತ್ತಿದ್ದರೆ?

ದಿನಾ130
ಅವರಿಗೆ ಓದೋಕೆ ಕನ್ನಡಕ ಬೇಕು. ಕನ್ನಡಕ ನನ್ನ ಕಾರಿನಲ್ಲೇ ಬಿಟ್ಟು ಹೋಗಿದ್ದಾರೆ.

ಸ್ಕೂಟಿ ಬಿಟ್ಟವಳು
ಸ್ಪ್ಯಾನರ್ ಅವರೇ, ನಿಮ್ಮ ಮಾತು ಕೇಳಿ ಹೋದ ವಾರ ಆಯಿಲ್ ಬದಲಾಯಿಸಿದೆ. ಇವತ್ತು ನಾನೂ ಕಡ್ಡಿ ಎಳೆದೆ. ಮೇಲಿನ ಗುರುತಿಗಿಂತ ಒಂದು ಬೆರಳು ಮೇಲೆ ಇದೆ. ಜಾಸ್ತಿ ಇದ್ದರೆ ಒಳ್ಳೇದೇ ಅಲ್ವಾ?

ಗುಬ್ಬಿಗೇಟ್ ಸ್ಪ್ಯಾನರ್
ಅಲ್ಲ ಮೇಡಂ. ಸ್ಟಾರ್ಟ್ ಮಾಡಬೇಡಿ. ಜಾಸ್ತಿ ಆದರೆ ಒಳಗೆ ಕ್ರ್ಯಾಂಕ್ ತಿರುಗುವಾಗ ಆಯಿಲ್‌ಗೆ ತಗುಲಿ ಮೊಸರು ಕಡೆದ ಹಾಗೆ ನೊರೆ ಮಾಡುತ್ತದೆ. ನೊರೆ ಪಂಪಿಗೆ ಸಿಗಲ್ಲ, ಸೀಲ್‌ಗಳಿಗೂ ಒತ್ತಡ. ಮೊದಲು ಕಡ್ಡಿ ಮೂಸಿ ನೋಡಿ. ಪೆಟ್ರೋಲ್ ವಾಸನೆ ಇದೆಯಾ?

ಸ್ಕೂಟಿ ಬಿಟ್ಟವಳು
ಮೂಸಿದೆ, ಪೆಟ್ರೋಲ್ ವಾಸನೆ ಇಲ್ಲ. ಬದಲಾಯಿಸಿದ ಹುಡುಗ ನಾಲ್ಕು ಲೀಟರ್ ಡಬ್ಬ ತಂದಿದ್ದ. "ಉಳಿಸಿಕೊಂಡು ಏನ್ ಮಾಡುತ್ತೀರ ಮೇಡಂ" ಅಂತ ಪೂರ್ತಿ ಸುರಿದ.

ಗುಬ್ಬಿಗೇಟ್ ಸ್ಪ್ಯಾನರ್
ಗಾಡಿ ಅಲ್ಲೇ ಇರಲಿ. ಸಂಜೆ ಅಶೋಕನಗರಕ್ಕೆ ನಾನೇ ಬರುತ್ತೇನೆ. ಒಂದು ಖಾಲಿ ಡಬ್ಬ ಇಟ್ಟಿರಿ, ತೂತಿಲ್ಲದ್ದು.